ಹಿಂದೆ ಹೇಳುವವಳು

ಕುಮಟಾ ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ಮೊನ್ನೆಯೂ ಆ ಹಾಡು ಹಾಕಿದ್ದರು. ನೀವೂ ಕೇಳಿರುತ್ತೀರಿ, ಈಗ ಮದುವೆ ಮನೆಯಲ್ಲೂ ಅದೇ, ಆಟೋದಲ್ಲೂ ಅದೇ. ಮೊದಲು ಗಿಟಾರು, ಅದರ ಬೆನ್ನಿಗೆ ಡ್ರಮ್ಮು, ಆಮೇಲೆ ಎಲ್ಲವೂ ತಗ್ಗಿ ಒಬ್ಬ ಮುದುಕಿಯ ದನಿ: ‘ದೋಣಿ ಇಳಿದು ಬಂದೆ ತಂಗೀ, ದೀಪ ಹಿಡಿಯೇ.’ ಅಲ್ಲಿಗೆ ಹಾಡು ನಿಂತುಬಿಡುತ್ತದೆ. ಏನೂ ಇಲ್ಲ, ಉಸಿರು ಕೂಡ. ಸ್ವಲ್ಪ ಹೊತ್ತಿಗೆ ಡ್ರಮ್ಮು ಮತ್ತೆ ಅಪ್ಪಳಿಸುತ್ತದೆ. ಆ ಖಾಲಿ ಜಾಗ ಬಂದಾಗಲೆಲ್ಲ ನನ್ನ ಮೂಗಿಗೆ ಬಿಸಿಲಲ್ಲಿ ಬಾಡುತ್ತಿರುವ ಈರುಳ್ಳಿಯ ವಾಸನೆ ಬರುತ್ತದೆ. ಹಾಡು ಮಾಡಿದ ಬೆಂಗಳೂರಿನ ಬ್ಯಾಂಡಿನ ಹುಡುಗರು, ಆ ಮೌನದಲ್ಲಿ ಕಡಲಿದೆ ಎಂದು ಟೀವಿಯಲ್ಲಿ ಹೇಳಿದರು. ಅವರ ಕಾರ್ಯಕ್ರಮದಲ್ಲಿ ಆ ಜಾಗ ಬಂದಾಗ ಜನ ಮೊಬೈಲಿನ ಬೆಳಕು ಮೇಲೆತ್ತಿ ಸುಮ್ಮನೆ ನಿಲ್ಲುತ್ತಾರಂತೆ. ಅಷ್ಟೊಂದು ದೀಪ ಹಿಡಿಯುತ್ತಾರೆ, ಒಬ್ಬರೂ ಬಾಯಿ ಬಿಡುವುದಿಲ್ಲವಲ್ಲ ಎಂದು ನನಗೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. ಅಲ್ಲಿ ಕಡಲೂ ಇಲ್ಲ, ಗಿಡಲೂ ಇಲ್ಲ. ಅಲ್ಲಿ ನನ್ನ ಅಜ್ಜಿ ಗಣಪಿ ಕಾಯುತ್ತಿದ್ದಾಳೆ. ಹಾಡಿದವರ ಹೆಸರಿನ ಜಾಗದಲ್ಲಿ ‘ಜಾನಪದ’ ಎಂದು ಹಾಕಿದ್ದಾರೆ.

ಹೊಳನಗದ್ದೆಯಲ್ಲಿದ್ದ ನಮ್ಮ ಮನೆ ಒಂದೇ ಮಾಡಿನ ಕೆಳಗಿನ ಎರಡು ಮನೆ. ಒಂದು ಪಾಲಿನಲ್ಲಿ ನಾವು, ಇನ್ನೊಂದರಲ್ಲಿ ಅಜ್ಜಿಯ ಓರಗಿತ್ತಿ ಮಾದೇವಿ, ನನಗೆ ಚಿಕ್ಕಜ್ಜಿ. ನಡುವಿನ ಬಾಗಿಲಿಗೆ ಚಿಲಕವಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಚಿಕ್ಕಜ್ಜಿಯ ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ನನ್ನ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಭತ್ತ ಕೊಯ್ದ ಗದ್ದೆಯಲ್ಲಿ ಈರುಳ್ಳಿ ಹಾಕುತ್ತಿದ್ದರು. ಕಿತ್ತ ಈರುಳ್ಳಿಯನ್ನು ಅಂಗಳದಲ್ಲಿ ಬಾಡಿಸಿ, ಇಬ್ಬರೂ ಎದುರುಬದುರು ಕೂತು ಅದರ ಸೊಪ್ಪನ್ನು ಜಡೆಯ ಹಾಗೆ ಹೆಣೆಯುತ್ತಿದ್ದರು. ಕೈಗಿಂತ ಮೊದಲು ಬಾಯಿ ಶುರುವಾಗುತ್ತಿತ್ತು. ನಮ್ಮಲ್ಲಿ ಹಾಡು ಒಬ್ಬರದಲ್ಲ. ಮುಂದೆ ಹೇಳುವವಳು ಒಬ್ಬಳು, ಹಿಂದೆ ಹೇಳುವವಳು ಇನ್ನೊಬ್ಬಳು. ಮುಂದಿನವಳು ಬಿಟ್ಟ ಸಾಲನ್ನೇ ಹಿಂದಿನವಳು ಎತ್ತಿಕೊಂಡು ತಿರುಗಿ ಹೇಳಬೇಕು. ಅವಳು ಹೇಳಿ ಮುಗಿಸುವವರೆಗೆ ಹಾಡು ಮುಂದೆ ಹೋಗುವಂತಿಲ್ಲ. ಅಜ್ಜಿ ಮುಂದೆ, ಚಿಕ್ಕಜ್ಜಿ ಹಿಂದೆ. ಅಕ್ಕನೊಬ್ಬಳು ಮುಸ್ಸಂಜೆಯಲ್ಲಿ ಅಘನಾಶಿನಿ ಹೊಳೆ ದಾಟಿ ತಂಗಿಯ ಮನೆಗೆ ಬರುವ ಆ ಹಾಡು ಬಹಳ ಉದ್ದ. ಅದರ ಕೊನೆ ಕೇಳುವ ಮೊದಲೇ ನಾನು ಈರುಳ್ಳಿಯ ರಾಶಿಗೆ ಒರಗಿ ನಿದ್ದೆ ಹೋಗುತ್ತಿದ್ದೆ.

ಒಂದು ಬೇಸಿಗೆ ಚಿಕ್ಕಜ್ಜಿಯ ಕರು ಹಗ್ಗ ಬಿಡಿಸಿಕೊಂಡು ಹೋಗಿ ಅಜ್ಜಿಯ ಈರುಳ್ಳಿ ಮಡಿಗಳನ್ನೆಲ್ಲ ತುಳಿದುಹಾಕಿತು. ಅಜ್ಜಿಯ ಬಾಯಿ ಮೊದಲೇ ಹರಿತ. ಅವಳು ಕೂಗಾಡುತ್ತಿದ್ದರೆ ಚಿಕ್ಕಜ್ಜಿ, ‘ಆತು ಬಿಡೇ ಅಕ್ಕ, ಕರುಗೆ ಎಂತ ಗೊತ್ತು?’ ಎಂದು ನಕ್ಕಳು. ಆ ನಗುವಿಗೆ ಅಜ್ಜಿ ಕೆರಳಿದಳು. ‘ಹೆತ್ತು ಸಾಕದವಳಿಗೆ ಎಂತ ಗೊತ್ತಾಗ್ತದೆ!’ ಎಂದುಬಿಟ್ಟಳು. ಚಿಕ್ಕಜ್ಜಿ ಕರುವನ್ನು ಹಿಡಿದುಕೊಂಡು ಹೋದಳು. ಆ ಸಂಜೆ ನಡುವಿನ ಬಾಗಿಲಿನ ಚಿಲಕ ಬಿದ್ದ ಸದ್ದು ಕೇಳಿತು. ಮರುದಿನ ಅಂಗಳದ ನಡುವೆ ತೆಂಗಿನ ಗರಿಯ ಬೇಲಿ ಎದ್ದಿತು. ಆಡಿದ ಮಾತು ಅಜ್ಜಿಯನ್ನು ಒಳಗೊಳಗೇ ತಿನ್ನುತ್ತಿತ್ತು ಎಂದು ಈಗ ನನಗೆ ಗೊತ್ತು. ಆದರೆ ತಪ್ಪಾಯಿತು ಎನ್ನುವುದು ಆ ಬಾಯಿಗೆ ಅಭ್ಯಾಸವಿರಲಿಲ್ಲ. ಮೀನು ಸಾರು ಮಾಡಿದ ದಿನ ಒಂದು ಪಾತ್ರೆಯಲ್ಲಿ ಹಾಕಿ ನನ್ನ ಕೈಯಲ್ಲಿ ಆಚೆ ಕಳಿಸುತ್ತಿದ್ದಳು. ಪಾತ್ರೆ ಹಾಗೆಯೇ ತುಂಬಿ ವಾಪಸು ಬರುತ್ತಿತ್ತು.

ಹಳ್ಳಿಯ ಹಾಡು ಕಲೆಹಾಕುವ ಒಬ್ಬ ಮೇಷ್ಟ್ರು ಟೇಪ್ ರೆಕಾರ್ಡರ್ ಹಿಡಿದು ಬಂದದ್ದು ಅದೇ ಬೇಸಿಗೆಯಲ್ಲಿ. ‘ನಾ ಒಬ್ಳೇ ಹೆಂಗೆ ಹೇಳೂದು? ಹಿಂದೆ ಹೇಳೂಕೆ ಜನ ಬೇಕಲ್ಲ’ ಎಂದಳು ಅಜ್ಜಿ. ನನ್ನ ಅಮ್ಮ ಬಂದು ಕೂತರೆ ‘ನೀ ಅಲ್ಲ, ಏಳು’ ಎಂದು ಗದರಿದಳು. ಕೊನೆಗೆ ಬೇಲಿಯ ಕಡೆ ಮುಖ ಮಾಡಿ ಒಬ್ಬಳೇ ಶುರುಮಾಡಿದಳು. ಗರಿಯ ಸಂದಿಯಲ್ಲಿ ನನಗೆ ಆಚೆ ಕಾಣುತ್ತಿತ್ತು. ಚಿಕ್ಕಜ್ಜಿ ತನ್ನ ಪಾಲಿನ ಈರುಳ್ಳಿ ಹೆಣೆಯುತ್ತಿದ್ದವಳು ಕೈ ನಿಲ್ಲಿಸಿ ಕೂತಿದ್ದಳು. ಅಜ್ಜಿ ದೀಪದ ಸಾಲು ಹೇಳಿ, ಕಾದಳು. ಮುಂದೆ ಹೇಳಿ ಎಂದು ಮೇಷ್ಟ್ರು ಕೈಸನ್ನೆ ಮಾಡಿದರು. ಅಜ್ಜಿ ಅವರ ಕಡೆ ನೋಡಲೂ ಇಲ್ಲ. ಎಲ್ಲೋ ಕಾಗೆ ಕೂಗಿತು, ಟೇಪು ತಿರುಗುತ್ತಲೇ ಇತ್ತು. ಚಿಕ್ಕಜ್ಜಿಯ ತುಟಿ ಬಿಚ್ಚಿದ್ದನ್ನು ನಾನು ನೋಡಿದೆ. ದನಿ ಬರಲಿಲ್ಲ. ಹೆಣೆಯುತ್ತಿದ್ದುದನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದಳು. ‘ಆತು, ನಿಲ್ಸಿ ಮೇಷ್ಟ್ರೇ’ ಎಂದಳು ಅಜ್ಜಿ. ಆ ಹಾಡನ್ನು ಅವಳು ಮತ್ತೆ ಹೇಳಲಿಲ್ಲ. ಆ ಟೇಪು ಯಾರ ಕೈ ದಾಟಿ ಬೆಂಗಳೂರಿನ ಹುಡುಗರಿಗೆ ಸಿಕ್ಕಿತೋ ಗೊತ್ತಿಲ್ಲ, ಅವರು ಕಾಗೆಯ ಕೂಗನ್ನೂ ಅಳಿಸಿದ್ದಾರೆ. ಕೆಲವು ಮಳೆಗಾಲ ಕಳೆದು ಅಜ್ಜಿ ತೀರಿಕೊಂಡಾಗ ಚಿಕ್ಕಜ್ಜಿ ಬಂದು ತಲೆಯ ಹತ್ತಿರ ಕೂತಳು. ಆಮೇಲೆ ಭಟ್ಕಳದ ಹತ್ತಿರ ಹೆಬಳೆಯಲ್ಲಿದ್ದ ತಮ್ಮನ ಮಗನ ಮನೆ ಸೇರಿದಳು. ಎರಡೂ ಪಾಲು ಮಾರಿಹೋದವು. ಈಗ ಅಲ್ಲಿ ಹೋಂಸ್ಟೇ, ಹುಲ್ಲುಹಾಸು, ಪ್ಲಾಸ್ಟಿಕ್ ಕುರ್ಚಿ. ಬೇಲಿ ಇಲ್ಲಿತ್ತು ಎಂದು ತೋರಿಸಲು ಒಂದು ಗೂಟವೂ ಉಳಿದಿಲ್ಲ.

ಮೊನ್ನೆ ಆ ಅಂಗಡಿಯ ಮುಂದೆ ನಿಂತವಳಿಗೆ ತಡೆಯಲಾಗಲಿಲ್ಲ, ಭಟ್ಕಳದ ಬಸ್ಸು ಹತ್ತಿದೆ. ಚಿಕ್ಕಜ್ಜಿ ತೀರಾ ಸಣ್ಣಗಾಗಿದ್ದಳು, ಕಿವಿ ಮಾತ್ರ ಚುರುಕಾಗಿತ್ತು. ಫೋನಿನಲ್ಲಿ ಹಾಡು ಹಾಕಿದೆ. ಗಿಟಾರಿಗೆ ‘ಎಂತ ಗಲಾಟಿ ಇದು’ ಎಂದು ಮುಖ ಸಿಂಡರಿಸಿದಳು. ಅಜ್ಜಿಯ ದನಿ ಬಂದದ್ದೇ ಫೋನಿನ ಹತ್ತಿರ ಬಗ್ಗಿದಳು. ಡ್ರಮ್ಮು ಬಡಿದಾಗ ಬೆಚ್ಚಿ ನನ್ನ ಕೈ ಹಿಡಿದುಕೊಂಡಳು. ‘ಇಷ್ಟೇ ಅಲ್ಲ ಮಗಾ, ಅವತ್ತು ಅಕ್ಕ ಎಷ್ಟೊತ್ತು ಕಾದಿದ್ಳು’ ಎಂದಳು. ಮತ್ತೆ ಹಾಕು ಎಂದಳು. ಈ ಸಲ ಅಜ್ಜಿಯ ಸಾಲು ಮುಗಿದ ಕೂಡಲೇ ನಾನು ಫೋನು ನಿಲ್ಲಿಸಿದೆ. ಚಿಕ್ಕಜ್ಜಿ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಸೀಳಿಹೋದ ದನಿಯಲ್ಲಿ ಹೇಳಿದಳು: ‘ದೋಣಿ ಇಳಿದು ಬಂದೆ ತಂಗೀ, ದೀಪ ಹಿಡಿಯೇ.’ ನನಗೆ ಅಳು ತಡೆಯಲಾಗಲಿಲ್ಲ. ‘ಮುಂದೆ ಎಂತ ಚಿಕ್ಕಜ್ಜಿ?’ ಎಂದು ಕೇಳಿದೆ. ‘ಅಕ್ಕ ಎತ್ತಿಕೊಟ್ರೆ ಬತ್ತದೆ. ನಂಗಾಗೇ ಬರೂದಿಲ್ಲ ಮಗಾ, ನಾ ಹಿಂದೆ ಹೇಳುವವ್ಳು’ ಎಂದಳು. ಆಮೇಲೆ ಫೋನಿನ ಕಡೆ ಮುಖ ಮಾಡಿ, ಮುಂದಿನ ಸಾಲಿಗೆ ಕಾಯುತ್ತ ಕೂತಳು. ನನ್ನ ಹೆಬ್ಬೆರಳು ಗಾಜಿನ ಮೇಲೆಯೇ ಇತ್ತು. ಒತ್ತಿದರೆ ಡ್ರಮ್ಮು ಬರುತ್ತದೆ ಎಂದು ಗೊತ್ತಿತ್ತು, ಒತ್ತಲಿಲ್ಲ.