ಹತ್ತು ನಿಮಿಷದ ಗಡುವು

ದೆವ್ವ, ಶಕುನ ಎಂದವರನ್ನು ಗೇಲಿ ಮಾಡಿಕೊಂಡೇ ಬೆಳೆದವನು ನಾನು. ನಂಬಿ ಎಂದು ನಿಮ್ಮನ್ನೂ ಒತ್ತಾಯಿಸುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಆಂಟಾಪ್ ಹಿಲ್‌ನಲ್ಲಿದ್ದುಕೊಂಡು ಕಂಪನಿಗಳ ರೂಟರ್ ರಿಪೇರಿ ಮಾಡುತ್ತಿದ್ದೆ. ಕೆಲಸ ಕಲಿಸಿದವರು ಧಾರವಾಡದ ಕುಲಕರ್ಣಿ ಸರ್. ರೂಟರಿನ ಸೆಟ್ಟಿಂಗ್ ಬದಲಿಸುವ ಮುನ್ನ, ಹತ್ತು ನಿಮಿಷಕ್ಕೆ ಅದು ತಾನೇ ಬಂದ್ ಆಗಿ ಚಾಲೂ ಆಗುವಂತೆ ಅವರು ಗಡುವು ಹಾಕುತ್ತಿದ್ದರು. ಎಡವಟ್ಟಾದರೆ ಹಳೆಯ ಸೆಟ್ಟಿಂಗ್ ಮರಳುತ್ತದೆ; ಸರಿಹೋದರೆ ಗಡುವು ರದ್ದು. "ತಮ್ಮಾ, ತಿರುಗಿ ಬರೋ ದಾರಿ ಇಟ್ಕೊಂಡ ಒಳಗ ಹೋಗಬೇಕು" ಎನ್ನುತ್ತಿದ್ದರು. "ನಂದು ತಪ್ಪಂಗಿಲ್ರಿ ಸರ್" ಎಂದು ನಾನು ನಗುತ್ತಿದ್ದೆ. ಅವರು ನಿವೃತ್ತರಾಗಿ ಊರಿಗೆ ಹೋದ ಮೇಲಂತೂ ಗಡುವಿನ ಗೊಡವೆಗೇ ಹೋಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ವಿಕ್ರೋಳಿಯ ಕಂಪನಿಯೊಂದಕ್ಕೆ ಹೋದೆ. ಅವರ ಬಾಂದ್ರಾ ಆಫೀಸಿನಿಂದ ಅಲ್ಲಿನ ರೂಟರಿಗೆ ಸಂಪರ್ಕ ಸಿಗುತ್ತಿರಲಿಲ್ಲ. ವಾಚ್‌ಮನ್ ಲ್ಯಾಪ್‌ಟಾಪ್ ಮಾತ್ರ ಬಿಟ್ಟು ನನ್ನ ಚೀಲವನ್ನು ಗೇಟಿನಲ್ಲೇ ಇರಿಸಿಕೊಂಡ. ಬಾಗಿಲು ತೆರೆಯುವ ಕಾರ್ಡೊಂದನ್ನು ಕೈಗೆ ಕೊಟ್ಟು, ಬೇಸ್‌ಮೆಂಟಿನ ಕೋಣೆಗೆ ಬಿಟ್ಟು ಹೋದ. ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು. ರೂಟರ್ ಕಬ್ಬಿಣದ ಜಾಲರಿಯ ಕಪಾಟಿನೊಳಗೆ, ಅದರ ಕೀಲಿಕೈ ಬಾಂದ್ರಾದಲ್ಲಿ. ಅದಕ್ಕೇನಂತೆ, ವೈಫೈ ಮೂಲಕವೇ ಲ್ಯಾಪ್‌ಟಾಪಿನಿಂದ ಒಳಹೊಕ್ಕು, ಹೊಸ ಅನುಮತಿ ಪಟ್ಟಿ ಮಾಡಿ ಅದರಲ್ಲಿ ಬಾಂದ್ರಾವನ್ನು ಬರೆದೆ. ಪಟ್ಟಿಯಲ್ಲಿ ಇಲ್ಲದವರೆಲ್ಲ ಹೊರಗೆ ಎಂಬುದು ಆ ಯಂತ್ರದ ನಿಯಮ. ನಾನಿದ್ದ ಕಟ್ಟಡವನ್ನೇ ಪಟ್ಟಿಗೆ ಸೇರಿಸಲು ಮರೆತಿದ್ದೆ!

ಲ್ಯಾಪ್‌ಟಾಪಿನ ಸಂಪರ್ಕ ಕಡಿಯಿತು. ಬಾಗಿಲಿನ ಕಾರ್ಡ್ ಬೀಗವೂ ಅದೇ ರೂಟರನ್ನು ನೆಚ್ಚಿತ್ತು. ಕಾರ್ಡ್ ಹಿಡಿದರೆ ಕೆಂಪು ದೀಪ. ಮೊಬೈಲಿಗೆ ಸಿಗ್ನಲ್ ಇಲ್ಲ. ಕೂಗಿದೆ, ಬಾಗಿಲು ಗುದ್ದಿದೆ. ಮೇಲಿನ ಗೇಟಿಗೆ ಅದು ಕೇಳುವ ಮಾತೇ ಅಲ್ಲ. ನನಗೆ ದಮ್ಮಿನ ಕಾಯಿಲೆ, ಬಾಯಿಗೆ ಔಷಧಿ ಹೊಡೆದುಕೊಳ್ಳುವ ಪಂಪ್ ಚೀಲದಲ್ಲಿ ಉಳಿದಿತ್ತು. ರಜೆಯ ದಿನವೆಂದು ಎಸಿಯೂ ಬಂದ್. ಎದೆ ಗೊರಗೊರ ಎನ್ನತೊಡಗಿತು. ವಾಚ್‌ಮನ್‌ಗೆ ನನ್ನ ನೆನಪಾಗುವಷ್ಟರಲ್ಲಿ ಏನಾಗಿರುತ್ತೇನೋ ಎಂದು ಗೋಡೆಗೊರಗಿ ಅತ್ತೆ. ಹೌದು, ಅತ್ತೆ.

ಆಗ ಕಪಾಟಿನೊಳಗಿನ ದೀಪಗಳು ಒಮ್ಮೆಗೇ ಆರಿ ಮತ್ತೆ ಹತ್ತಿದವು. ಕಾರ್ಡ್ ಹಿಡಿದೆ. ಬಾಗಿಲು ತೆರೆಯಿತು.

ಕರೆಂಟು ಹೋಗಿ ಬಂದಿರಬೇಕು ಎಂದುಕೊಳ್ಳೋಣವೆಂದರೆ ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಆರಿರಲೇ ಇಲ್ಲ. ಮರುದಿನ ಬಾಂದ್ರಾದ ಕಂಪ್ಯೂಟರಿನಲ್ಲಿ ಆ ರೂಟರಿನ ದಾಖಲೆ ತೆಗೆದು ನೋಡಿದೆ. ನನ್ನ ಸಂಪರ್ಕ ಕಡಿದ ಮರುನಿಮಿಷವೇ ಹತ್ತು ನಿಮಿಷದ ಗಡುವು ಬಿದ್ದಿತ್ತು. ಅದೂ ದೂರದಿಂದಲ್ಲ, ರೂಟರಿಗೇ ನೇರ ವೈರು ಸಿಕ್ಕಿಸಿ ಹಾಕಿದ್ದು. ಬೀಗ ಹಾಕಿದ ಆ ಕಪಾಟಿನೊಳಗೆ ಕೈ ಹಾಕಿದವರಾರು?

ಕುಲಕರ್ಣಿ ಸರ್ ಗಟ್ಟಿಮುಟ್ಟಾಗಿ ಬದುಕಿದ್ದಾರೆ, ಹಾಗಾಗಿ ಅವರ ಆತ್ಮ ಬಂತೆಂದು ಹೇಳಿ ಪಾರಾಗುವಂತೆಯೂ ಇಲ್ಲ. ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ತಮ್ಮಾ, ಆ ಖೋಲ್ಯಾಗ ನೀ ಒಬ್ಬನ ಇದ್ದಿ ಹೌದಿಲ್ಲೋ?"

"ಹೌದ್ರಿ ಸರ್" ಅಂದೆ.

ಈಗಲೂ ಯಾರಾದರೂ ಕೇಳಿದರೆ ಹೌದೆಂದೇ ಹೇಳುತ್ತೇನೆ. ಅಂದಿನಷ್ಟು ಗಟ್ಟಿಯಾಗಿ ಹೇಳಲು ಮಾತ್ರ ಆಗುವುದಿಲ್ಲ.