ಖಾಲಿ ಉಳಿದ ಗುಳಿ

ನನ್ನ ಓರಗಿತ್ತಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಗುಂಡಿಯಮ್ಮ. ಅಂಗಿ ಹೊಲಿಯುವ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ ಗುಂಡಿ ಹಚ್ಚಿದವಳು. ಅಲ್ಲಿ ಒಂದು ಕಟ್ಟಳೆ ಇತ್ತಂತೆ. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ಸೂಜಿ ಪೂರ್ತಿ ಸಿಕ್ಕಿತು ಅನ್ನುವವರೆಗೆ ಆ ಸಾಲಿನವರು ಯಾರೂ ಜಾಗ ಬಿಟ್ಟು ಏಳುವಂತಿಲ್ಲ. ಕಣ್ಣು ಮಂಜಾಗಿ ಅವಳು ಕೆಲಸ ಬಿಟ್ಟಳು, ಆ ಕಟ್ಟಳೆ ಮಾತ್ರ ಅವಳನ್ನು ಬಿಡಲಿಲ್ಲ.

ಈಗ ದುಡಿಯೋಕೆ ಹೋಗುವ ತಾಯಂದಿರ ಹನ್ನೊಂದು ಮಕ್ಕಳನ್ನು ನಮ್ಮ ಮುಂದಿನ ಕೋಣೆಯಲ್ಲಿ ನೋಡಿಕೊಳ್ಳುತ್ತಾಳೆ. ಅಂಗಡಿಯಿಂದ ತಂದ ಆಟದ ಸಾಮಾನು ಒಂದೂ ಇಲ್ಲ. ಬೆಂಕಿಪೊಟ್ಟಣ, ಬಾಟಲಿ ಮುಚ್ಚಳ, ದಾರದ ರೀಲು, ಬಟ್ಟೆ ಚಿಂದಿ, ಒಂದು ಬಕೆಟ್ ಜೇಡಿಮಣ್ಣು.

"ಇದೇನು ಮನೆಯೋ ಗುಜರಿಯೋ?" ಅಂತ ನಾನೇ ಎಷ್ಟೋ ಸಲ ಛೇಡಿಸಿದ್ದೇನೆ.

"ಅಕ್ಕಾ, ಕೊಂಡು ತಂದ ಬಸ್ಸು ಬರೀ ಬಸ್ಸೇ. ಬೆಂಕಿಪೊಟ್ಟಣ ಹಾಗಲ್ಲ. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಮಂಚ, ಸಂಜೆಗೆ ಆಸ್ಪತ್ರೆ" ಅನ್ನುತ್ತಿದ್ದಳು.

ಸಣ್ಣ ಸಾಮಾನೆಲ್ಲ ಮೊಟ್ಟೆ ಟ್ರೇಯಲ್ಲಿ, ಗುಳಿಗೆ ಒಂದೊಂದೇ. ಸಂಜೆ ಮಕ್ಕಳೇ ವಾಪಸ್ ಇಡಬೇಕು. ಎಣಿಸಲು ಬಾರದ ಕೂಸಿಗೂ ಖಾಲಿ ಗುಳಿ ಕಾಣುತ್ತೆ. ಒಂದು ಮಗು ಮಾಡಿದ್ದನ್ನು ಆ ಮಗುವಲ್ಲದೆ ಬೇರೆ ಯಾರೂ ಒಡೆಯಬಾರದು ಅನ್ನುವುದು ಅವಳ ಇನ್ನೊಂದು ಕಟ್ಟಳೆ.

ಆ ದಿನ ಮಧ್ಯಾಹ್ನ ಮೂಲೆಯ ವಾಚ್ ರಿಪೇರಿಯವನು ಬಂದ. ಹಿಂದಿನ ದಿನ ಅವನೇ ಒಂದು ಡಬ್ಬಿ ತುಂಬ ಹಳೇ ಬಿಡಿಭಾಗ ಕೊಟ್ಟು, "ತಗೊಳ್ಳಿ ತಾಯಿ, ಸತ್ತ ವಾಚುಗಳ ಮೂಳೆ" ಅಂತ ನಕ್ಕಿದ್ದ. ಅದರ ಜೊತೆ ಅವನ ಚಿಮಟವೂ ಬಂದಿತ್ತು. ಅದನ್ನು ಹುಡುಕುತ್ತಾ ಟ್ರೇಗೆ ಕಣ್ಣು ಹಾಕಿದವನ ನಗು ಆರಿಹೋಯಿತು.

"ತಾಯೀ, ಇದನ್ನ ಯಾಕೆ ಇಲ್ಲಿಟ್ಟಿದ್ದೀರಿ?"

"ಯಾವುದು? ಆ ಹೊಳೆಯೋ ಗುಂಡಿನಾ?"

"ಗುಂಡಿ ಅಲ್ಲಮ್ಮ, ಸೆಲ್ಲು! ನನ್ನ ಬುದ್ಧಿಗೆ ಮಂಕು ಕವಿದಿತ್ತು, ಆರಿಸಿ ಕೊಡಬೇಕಿತ್ತು. ಮಕ್ಕಳು ನುಂಗಿದರೆ ಗಂಟಲು ಸುಟ್ಟು ತೂತಾಗುತ್ತೆ. ಎಷ್ಟಿದ್ದವು?"

ಮೂರಿದ್ದವು. ಈಗ ಎರಡೇ ಇದ್ದವು. ಮೂರನೇ ಗುಳಿ ಖಾಲಿ.

ಹತ್ತೊಂಬತ್ತು ವರ್ಷ ಗುಂಡಿ ಮುಟ್ಟಿದ ಬೆರಳು, ಆ ಸೆಲ್ಲಿಗೆ ದಾರ ಹೋಗುವ ತೂತೇ ಇಲ್ಲ ಅನ್ನುವುದನ್ನು ಹೇಗೆ ಮರೆಯಿತು ಅಂತ ಆಮೇಲೆ ಎಷ್ಟೋ ದಿನ ಗುಂಡಿಯಮ್ಮ ಹಲುಬಿದಳು.

ಟ್ರೇ ಪಕ್ಕದಲ್ಲಿ ಕೂತಿದ್ದವಳು ಪಿಟ್ಟಿ. ಬೇಕರಿಯಲ್ಲಿ ದುಡಿಯುವವಳ ಮಗಳು, ಮೂರೂವರೆ ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಗುಂಡಿಯಮ್ಮ ಮಂಡಿಯೂರಿ ಕೇಳಿದಳು, "ಬಂಗಾರಿ, ಹೊಳೆಯೋದನ್ನ ನುಂಗಿದೆಯಾ?"

ಪಿಟ್ಟಿ ನಮ್ಮ ಮುಖಗಳನ್ನು ನೋಡಿದಳು. ಹೌದು ಅಂತ ತಲೆ ಆಡಿಸಿದಳು.

ವಾಚಿನವನು ಆಟೋ ಕೂಗಿದ. ಬೇಕರಿಗೆ ಸುದ್ದಿ ಹೋಗಿ, ಕೈಗೆ ಮೆತ್ತಿದ್ದ ಹಿಟ್ಟಿನ ಸಮೇತ ತಾಯಿ ಓಡಿ ಬಂದಳು. "ನಿಮ್ಮ ಕಸ ನನ್ನ ಮಗೂ ಹೊಟ್ಟೆಗೆ ಹೋಯ್ತಾ ಅಮ್ಮಾ?" ಅಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ತಾಯಿ, ಮಗಳು, ಗುಂಡಿಯಮ್ಮ ಮೂವರೂ ಆಟೋ ಹತ್ತಿದರು.

ನಾನು ಹತ್ತು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಕಾದೆ. ವಾಚಿನವನು ಹೊಸಿಲ ಹೊರಗೇ ಕೂತ. ಹಾಡಿ ಅಂದರೆ ಒಂದೂ ಹಾಡಲೊಲ್ಲದು. ದೊಡ್ಡವರ ಭಯ ಮಕ್ಕಳಿಗೆ ವಾಸನೆಯ ಹಾಗೆ ತಿಳಿಯುತ್ತೆ. ನೆಲ ಗುಡಿಸಿದೆ, ಚಿಂದಿ ಕೊಡವಿದೆ, ಬೆಂಕಿಪೊಟ್ಟಣ ಒಂದೊಂದೇ ಅಲುಗಾಡಿಸಿದೆ. ಏನೂ ಸಿಗಲಿಲ್ಲ. ಕಿಟಕಿ ಹಲಗೆಯ ಮೇಲೆ ಅವತ್ತಿನ ಹನ್ನೊಂದು ಮಣ್ಣಿನ ಗೊಂಬೆ ಸಾಲಾಗಿ ಒಣಗುತ್ತಿದ್ದವು.

ಒಂದೂವರೆ ತಾಸಿನ ಮೇಲೆ ಆಟೋ ಬಂತು. ಗುಂಡಿಯಮ್ಮ ಬಾಗಿಲಲ್ಲೇ ಹೇಳಿದಳು, "ಎಕ್ಸರೇಯಲ್ಲಿ ಏನೂ ಇಲ್ಲ ಅಕ್ಕಾ. ಗಂಟಲಲ್ಲೂ ಇಲ್ಲ, ಹೊಟ್ಟೇಲೂ ಇಲ್ಲ."

"ದೇವರು ದೊಡ್ಡವನು" ಅಂದೆ. ಅವಳು ನಗಲಿಲ್ಲ. ಕಣ್ಣು ಚಾಪೆಯ ಕಡೆ ಹೋಯಿತು.

"ಹಾಗಾದರೆ ಯಾರ ಹೊಟ್ಟೇಲಿದೆ?"

ಒಂದು ಮಗುವಿನ ಭಯ ಹೋಗಿ ಹತ್ತು ಮಕ್ಕಳ ಭಯ ಬಂದಿತ್ತು.

ಅಷ್ಟರಲ್ಲಿ ಉಳಿದ ತಾಯಂದಿರು ಒಬ್ಬೊಬ್ಬರಾಗಿ ಬಂದರು. ಗುಂಡಿಯಮ್ಮ ಬಾಗಿಲಿಗೆ ಅಡ್ಡ ನಿಂತಳು. ನಡೆದದ್ದನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳಿ, "ಸಿಗೋವರೆಗೆ ಯಾರೂ ಮನೆಗೆ ಹೋಗೋಹಾಗಿಲ್ಲ. ಇನ್ನು ಹತ್ತು ನಿಮಿಷದಲ್ಲಿ ಸಿಗದಿದ್ರೆ ಎಲ್ಲರನ್ನೂ ಆಸ್ಪತ್ರೆಗೆ ಕರಕೊಂಡು ಹೋಗೋಣ" ಅಂದಳು.

"ನಮ್ಮ ಮಕ್ಕಳನ್ನ ಹಿಡಿದಿಟ್ಟುಕೊಳ್ಳೋಕೆ ನೀವ್ಯಾರು?" ಅಂತ ಒಬ್ಬಳು ರೇಗಿದಳು.

"ಯಾರೂ ಅಲ್ಲ ತಾಯಿ. ನಾಳೆಯಿಂದ ಕಳಿಸಬೇಡಿ. ಇವತ್ತು ಮಾತ್ರ ನಿಲ್ಲಿ."

ಹಾಗಂದವಳೇ ಕಿಟಕಿ ಹತ್ತಿರ ಹೋಗಿ ಗೊಂಬೆಯ ಮೇಲೆ ಕೈ ಎತ್ತಿದಳು. ಕೈ ಅಲ್ಲೇ ನಿಂತಿತು. ತಿರುಗಿ ಮಕ್ಕಳಿಗೆ, "ಕಂದಾ, ನಿಮ್ಮ ನಿಮ್ಮ ಗೊಂಬೆ ನೀವೇ ಒಡೀತೀರಾ? ನಾಳೆ ಇನ್ನೂ ದೊಡ್ಡದು ಮಾಡೋಣ" ಅಂದಳು.

ಯಾವ ಮಗುವೂ ಏಳಲಿಲ್ಲ. ತಾಯಿಯ ಸೊಂಟದ ಮೇಲಿದ್ದ ಪಿಟ್ಟಿ ಮಾತ್ರ ಕೈ ಚಾಚಿದಳು. ಇಳಿಸಿದರು. ತನ್ನ ಮಣ್ಣಿನ ಕಪ್ಪೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಹೊಟ್ಟೆಗೆ ಹೆಬ್ಬೆರಳು ಒತ್ತಿದಳು. ಹಸಿ ಮಣ್ಣು ಬಿರಿಯಿತು. ಒಳಗೆ ಹೊಳೆಯಿತು.

"ಕಪ್ಪೆಗೆ ಹಸಿವು" ಅಂದಳು ಪಿಟ್ಟಿ. ಮಧ್ಯಾಹ್ನದಿಂದ ಅವಳು ಆಡಿದ ಮೊದಲ ಮಾತು ಅದು.

ಗುಂಡಿಯಮ್ಮ ಸೆಲ್ಲನ್ನು ಹೆಕ್ಕಿ, ಒರೆಸಿ, ವಾಚಿನವನ ಕೈಗಿಟ್ಟಳು. ವಾಚಿನವನು ಮೂರು ಸೆಲ್ಲನ್ನೂ ಕಾಗದದಲ್ಲಿ ಸುತ್ತಿ, ಒಂದು, ಎರಡು, ಮೂರು ಅಂತ ಎಲ್ಲರಿಗೂ ತೋರಿಸಿ ಒಯ್ದ. ಅವಳು ತಾಯಂದಿರಿಗೆ ಮಕ್ಕಳನ್ನು ಬಿಟ್ಟುಕೊಟ್ಟದ್ದು ಆಮೇಲೆ.

ಮರುದಿನ ಏಳು ಮಕ್ಕಳು ಬಂದವು. ಪಿಟ್ಟಿಯನ್ನು ಬಿಟ್ಟ ತಾಯಿ, "ನನಗೆ ಬೇರೆ ದಾರಿ ಇಲ್ಲ, ಅದಕ್ಕೇ ಬಿಡ್ತಿದ್ದೀನಿ" ಅಂತ ಮುಖಕ್ಕೇ ಹೇಳಿದಳು. ಗುಂಡಿಯಮ್ಮ ಪಿಟ್ಟಿಯನ್ನು ಒಳಗೆ ಕರೆದುಕೊಂಡಳು.

ಬಾಗಿಲ ಮೊಳೆಗೆ ಈಗ ಒಂದು ಕೂಸಿನ ಬಳೆ ನೇತುಹಾಕಿದ್ದಾಳೆ. ಅದರೊಳಗೆ ತೂರಿ ಹೋಗುವಂಥ ಯಾವ ಸಾಮಾನೂ ಹೊಸಿಲು ದಾಟುವಂತಿಲ್ಲ. ಗುಂಡಿಗಳೆಲ್ಲ ಹೊರಬಿದ್ದವು, ಹೆಸರು ಮಾತ್ರ ಉಳಿಯಿತು. ಭಯವೂ ಹೋಗಿಲ್ಲ. ಸಂಜೆ ಟ್ರೇ ತುಂಬಿದ ಮೇಲೂ ಏಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಆ ಅನ್ನಿ" ಅಂತ ಬಾಯೊಳಗೆ ಇಣುಕುತ್ತಾಳೆ. ಮಕ್ಕಳಿಗೆ ಅದೂ ಒಂದು ಆಟ. ಕೊನೆಯವಳು ಪಿಟ್ಟಿ. ಬಾಯಿ ತೆರೆದು ತೋರಿಸಿ, ಆಮೇಲೆ ತನ್ನ ಹೊಸ ಕಪ್ಪೆಯನ್ನೂ ಗುಂಡಿಯಮ್ಮನ ಮುಂದೆ ಹಿಡಿಯುತ್ತಾಳೆ.