ಕೊಬ್ಬರಿ ಎಣ್ಣೆ ಕುಡಿದ ಮಿಷನ್

ಹಳೆಯ ಹೊಲಿಗೆ ಮಿಷನ್ನಿನ ತೂತುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟು ಒಂದೆರಡು ಗಂಟೆ ಬಿಸಿಲಿಗಿಟ್ಟರೆ, ಅದು ಅಲ್ಲಿಯವರೆಗೆ ಕುಡಿದಿದ್ದ ಎಣ್ಣೆಯನ್ನೆಲ್ಲ ಕಕ್ಕುತ್ತದೆ. ಮೊದಲು ಕಪ್ಪಗೆ, ಆಮೇಲೆ ಕಂದು, ಕೊನೆಗೆ ಸೋಸಿದ ಟೀ ಬಣ್ಣಕ್ಕೆ. ಆ ವಾಸನೆ ನನ್ನ ಕೈಗೂ ಸೀರೆಗೂ ಅಂಟಿಹೋಗಿದೆ. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ತಿರುಗಿಸಿದರೆ ನನಗೀಗ ಬೇಜಾರೂ ಆಗುವುದಿಲ್ಲ. ಆದರೆ ಹೋದ ಚಳಿಗಾಲದಲ್ಲಿ ರಾಜಾನುಕುಂಟೆಯಿಂದ ಬಂದ ಮಿಷನ್ ಬಿಸಿಲಿಗೆ ಬೆಚ್ಚಗಾದಾಗ ಎದ್ದದ್ದು ಬೇರೆಯೇ ವಾಸನೆ. ಕೊಬ್ಬರಿ ಎಣ್ಣೆಯದು. ಭಾನುವಾರ ಬೆಳಿಗ್ಗೆ ಅಮ್ಮನ ಮೊಣಕಾಲುಗಳ ನಡುವೆ ಕೂತು ತಲೆ ಒಪ್ಪಿಸಿದಾಗ ಬರುತ್ತಿತ್ತಲ್ಲ, ಅದೇ. ನಾನು ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟು ಅಂಗಳದಲ್ಲೇ ಕೂತುಬಿಟ್ಟೆ. ಆ ಕಬ್ಬಿಣದೊಳಗೆ ಆ ಎಣ್ಣೆ ಹೇಗೆ ಬಂತೆಂದು ಈ ಪ್ರಪಂಚದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ಅದನ್ನು ಸುರಿದವಳು ನಾನೇ. ನಲವತ್ತಕ್ಕೂ ಹೆಚ್ಚು ವರ್ಷ ಅಕ್ಕನಿಗೆ ಹೇಳದೆ ಇಟ್ಟುಕೊಂಡವಳೂ ನಾನೇ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಬರೆದು ಅಭ್ಯಾಸವಿಲ್ಲ. ಯಶವಂತಪುರದ ಆಚೆ ಒಂದು ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಶರ್ಟಿನ ಕಾಲರ್ ಹೊಲಿದೆ. ಈಗ ಚಿಕ್ಕಬಾಣಾವರದಲ್ಲಿ, ರೈಲಿನ ಸದ್ದು ಕೇಳುವಷ್ಟು ಹತ್ತಿರದ ಮನೆಯಲ್ಲಿದ್ದೇನೆ. ಹಿಂದಿನ ಶೀಟಿನ ರೂಮಿನಲ್ಲಿ ಹನ್ನೊಂದು ಹಳೆಯ ಮಿಷನ್‌ಗಳಿವೆ. ಕೈಯಲ್ಲಿ ತಿರುಗಿಸುವವು ನಾಲ್ಕು, ಕಾಲಲ್ಲಿ ತುಳಿಯುವವು ಏಳು. ಗುಜರಿ ಅಂಗಡಿಯಿಂದ, ಮನೆ ಖಾಲಿ ಮಾಡುವವರಿಂದ, ಒಂದನ್ನಂತೂ ಕೋಳಿಗೂಡಿನ ಬಾಗಿಲಿಗೆ ಒತ್ತಿಟ್ಟಿದ್ದವರಿಂದ ತಂದದ್ದು. ತುಕ್ಕು ಬಿಡಿಸಿ, ಬಿರುಕುಬಿಟ್ಟ ಬೆಲ್ಟು ಬದಲಾಯಿಸಿ, ಕಪ್ಪು ಮೈಮೇಲಿನ ಬಂಗಾರದ ಬಳ್ಳಿ ಅಳಿಯದ ಹಾಗೆ ಹತ್ತಿಯಲ್ಲಿ ಒರೆಸಿ, ಮತ್ತೆ ಹೊಲಿಯುವಂತೆ ಮಾಡುವುದು ನನ್ನ ಹುಚ್ಚು. ‘ಇಷ್ಟೆಲ್ಲಾ ರೆಡಿ ಮಾಡಿ ಯಾರ್ ಮದುವೆಗ್ ಕಳಿಸ್ತೀರಾ ಆಂಟೀ?’ ಎಂದು ಎದುರುಮನೆ ಹುಡುಗಿ ಕೇಳುತ್ತಾಳೆ. ಸತ್ತುಹೋಯಿತೆಂದುಕೊಂಡ ಮಿಷನ್ನಿನ ಚಕ್ರ ಒಂದು ಕೂದಲೆಳೆಯಷ್ಟು ಅಲ್ಲಾಡಿದಾಗ ಆಗುವ ಸಂತೋಷವನ್ನು ಅವಳಿಗೆ ಹೇಗೆ ಹೇಳಲಿ?

ನಿಮ್ಮ ಮನೆಯಲ್ಲೂ ಒಂದು ಇದ್ದಿರಬಹುದು. ಕಿಟಕಿಯ ಕೆಳಗೆ, ಬೆಳಕು ಬೀಳುವ ಕಡೆ, ಮೇಲೊಂದು ಕಸೂತಿ ಬಟ್ಟೆ ಹೊದ್ದು. ನಮ್ಮದು ಗಂಗಾನಗರದಲ್ಲಿತ್ತು. ಆರು ಮನೆಗಳ ವಠಾರದಲ್ಲಿ ಮೂರನೆಯದು ನಮ್ಮದು. ಹೆಂಚಿನ ಮಾಡು, ಕೆಂಪು ಸಿಮೆಂಟಿನ ನೆಲ, ಆರು ಮನೆಗೂ ಸೇರಿ ಒಂದು ನಲ್ಲಿ, ನಲ್ಲಿಯ ಪಕ್ಕ ಒಂದು ಸೀಬೆಮರ. ಅಪ್ಪ ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗಿ ಬರುತ್ತಿದ್ದರು. ಮಿಷನ್ ಅಮ್ಮನ ತವರಿನಿಂದ ಬಂದದ್ದು. ಅಮ್ಮನಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದೆ ಹೋದಾಗ ಅಕ್ಕ ಸುಶೀಲ ಅದರ ಮುಂದೆ ಕೂತಳು. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಯಾರೂ ಹೇಳಿಕೊಡಲಿಲ್ಲ, ಹಳೆಯ ರವಿಕೆಯೊಂದನ್ನು ಬಿಚ್ಚಿ, ತುಂಡು ತುಂಡನ್ನೂ ಪೇಪರಿನ ಮೇಲಿಟ್ಟು ಗೆರೆ ಎಳೆದು, ತಾನೇ ಕಲಿತಳು. ಹದಿನಾರಕ್ಕೆಲ್ಲ ವಠಾರದ ಲಂಗ, ರವಿಕೆ, ಸೀರೆಯ ಫಾಲ್ಸು ಎಲ್ಲ ಅವಳ ಕಾಲಡಿಯಿಂದಲೇ ಹಾದುಹೋಗುತ್ತಿತ್ತು. ಅವಳು ತುಳಿಯುವುದರಲ್ಲಿ ಒಂದು ಲಯವಿತ್ತು. ನೇರ ಹೊಲಿಗೆಗೆ ಮಳೆ ಹೊಯ್ದಂತೆ, ತಿರುವಿನಲ್ಲಿ ನಿಂತು ನಿಂತು, ಕೊನೆಯಲ್ಲಿ ಟಕ್ ಟಕ್ ಎಂದು ಎರಡು ಸಲ ಹಿಂದೆ ಮುಂದೆ. ನಾನು ಕೆಳಗೆ ಕೂತು ಬಿದ್ದ ಗುಂಡುಸೂಜಿಗಳನ್ನು ಆಯಸ್ಕಾಂತದಲ್ಲಿ ಹೆಕ್ಕುತ್ತಿದ್ದೆ. ಅವಳ ಪಾದಗಳು ಏರಿ ಇಳಿಯುವುದನ್ನು ನೋಡುತ್ತ ಅಲ್ಲೇ ನಿದ್ದೆ ಹೋದದ್ದೂ ಉಂಟು.

ಒಂದು ದಿನ ಅವಳು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ಸುಶೀಲಾ ಟೈಲರ್ಸ್’ ಎಂದು ದುಂಡಗೆ ಬರೆದಳು. ಅದೂ ಬಾಗಿಲಿನ ಒಳಮೈ ಮೇಲೆ. ಅಪ್ಪ ಬೂಟು ಬಿಚ್ಚುತ್ತ ಓದಿದರು.

‘ಒಳಗಡೆ ಬೋರ್ಡ್ ಹಾಕಿದ್ರೆ ಗಿರಾಕಿ ಹೆಂಗಮ್ಮ ಬರ್ತಾರೆ?’

‘ಮೊದಲು ಒಳಗಿರೋರು ನಂಬ್ಲಿ ಅಂತ, ಅಪ್ಪ.’

ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಸಂಕ್ರಾಂತಿ ಕಳೆಯಲಿ, ಪೇಂಟಿನವನಿಗೆ ಹೇಳಿ ತಗಡಿನ ಮೇಲೆ ಬರೆಸಿ ಹೊರಗಡೆಯೇ ಹಾಕೋಣ ಎಂದರು. ಅಕ್ಕ ಆ ವಾರವೆಲ್ಲ ನೆಲ ಮುಟ್ಟದವಳಂತೆ ಓಡಾಡಿದಳು. ಹಬ್ಬಕ್ಕೆ ನನಗೆ ಲಂಗ ಹೊಲಿಯಲು ಕೂತಳು. ಗುಲಾಬಿ ಬಣ್ಣದ್ದು, ಗಿಣಿಹಸಿರಿನ ಅಂಚು. ಎಳ್ಳು ಬೀರಲು ಹೋಗುವಾಗ ಉಡಬೇಕಾದದ್ದು. ನಾನು ಗಳಿಗೆಗೊಮ್ಮೆ ಹೋಗಿ ‘ಆಯ್ತಾ? ಆಯ್ತಾ?’ ಎಂದು ಪೀಡಿಸುತ್ತಿದ್ದೆ.

ಹಬ್ಬದ ಹಿಂದಿನ ಮಧ್ಯಾಹ್ನ ಮಿಷನ್ ಕಿರ್ರೆನ್ನತೊಡಗಿತು. ಅಕ್ಕ ಎಣ್ಣೆ ಕ್ಯಾನನ್ನು ಅಲ್ಲಾಡಿಸಿ ನೋಡಿದಳು, ಖಾಲಿ. ‘ಎಣ್ಣೆ ಇಲ್ಲ ಕಣೇ ಪುಟ್ಟಿ. ಅಪ್ಪ ಸಾಯಂಕಾಲ ತರ್ತಾರೆ, ಆಮೇಲೇ ಮಿಕ್ಕಿದ್ದು. ಮುಟ್ಟಬೇಡ ಏನನ್ನೂ’ ಎಂದು ಹೇಳಿ ಅಮ್ಮನ ಜೊತೆ ಕೊಬ್ಬರಿ ಹೆಚ್ಚಲು ಪಕ್ಕದ ಮನೆಗೆ ಹೋದಳು. ಸಾಯಂಕಾಲದವರೆಗೆ ಕಾಯುವ ವಯಸ್ಸೇ ಅದು? ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆಂದು ಅಮ್ಮ ಬಾಟಲಿಯನ್ನು ಬಿಸಿಲಿರುವ ಕಿಟಕಿಯಲ್ಲಿ ಇಡುತ್ತಿದ್ದರು. ಅದು ಕರಗಿ, ತಿಳಿಯಾಗಿ, ಥೇಟ್ ಮಿಷನ್ ಎಣ್ಣೆಯ ಹಾಗೇ ಹೊಳೆಯುತ್ತಿತ್ತು. ಕ್ಯಾನಿಗೆ ತುಂಬಿಸಿದೆ. ಅಕ್ಕ ಎಲ್ಲೆಲ್ಲಿ ಒಂದೊಂದು ತೊಟ್ಟು ಬಿಡುತ್ತಿದ್ದಳೋ ಅಲ್ಲೆಲ್ಲ ಕ್ಯಾನು ಖಾಲಿಯಾಗುವವರೆಗೆ ಒತ್ತಿದೆ. ಮತ್ತೆ ತುಂಬಿಸಿದೆ. ಕಿರ್ರೆನ್ನುವುದು ನಿಂತೇಹೋಯಿತು. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ಓಡಿತು. ಚೆಲ್ಲಿದ್ದನ್ನು ನನ್ನ ಜಡೆಗೇ ಒರೆಸಿಕೊಂಡೆ. ಅಕ್ಕನಿಗೆ ಎಷ್ಟು ಖುಷಿಯಾಗುತ್ತದೆಂದು ನೆನೆದು ನನಗೆ ನಗು ತಡೆಯಲಾಗಲಿಲ್ಲ.

ಸಂಜೆ ಹೆಬ್ಬಾಳ ಕೆರೆಯ ಕಡೆಯಿಂದ ಚಳಿಗಾಳಿ ಬೀಸಿತು. ಅಪ್ಪ ಮಿಷನ್ ಎಣ್ಣೆ ತರುವುದನ್ನೇ ಮರೆತಿದ್ದರು. ಬೆಳಿಗ್ಗೆ ಎದ್ದು ಅಕ್ಕ ಕೂತರೆ ಚಕ್ರ ಅಲ್ಲಾಡಲಿಲ್ಲ. ಬಲವಾಗಿ ತುಳಿದಳು. ಚಕ್ರ ಅರ್ಧ ಸುತ್ತು ತಿರುಗಿ, ಅಡಿಯಲ್ಲಿ ದಾರ ಗಂಟಾಗಿ, ಸೂಜಿ ಲಟ್ಟೆಂದು ಮುರಿದು ಮಿಷನ್ ಹಾಗೇ ನಿಂತಿತು. ಕೊಬ್ಬರಿ ಎಣ್ಣೆಯ ವಾಸನೆ ಯಾರಿಗೂ ಬೇರೆಯೆನಿಸಲಿಲ್ಲ. ಮನೆಯವರೆಲ್ಲರ ತಲೆಯೂ ಅದೇ ವಾಸನೆ ಹೊಡೆಯುತ್ತಿತ್ತಲ್ಲ. ಎರಡು ದಿನ ಬಿಟ್ಟು ಬಂದ ರಿಪೇರಿಯವನು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ‘ಒಳಗಡೆ ಶಾಫ್ಟೇ ಹೋಗಿದೆ ಸಾರ್. ಹೆಣ್ಮಕ್ಕಳು ಸೈಕಲ್ ತುಳಿದಂಗೆ ತುಳಿದ್ರೆ ಇನ್ನೇನಾಗುತ್ತೆ?’ ಎಂದ. ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕ ತನ್ನ ಪಾದಗಳ ಕಡೆ ನೋಡಿಕೊಂಡಳು. ನಾನು ಸೀಬೆಮರದ ಹಿಂದೆ ಹೋಗಿ ನಿಂತೆ.

ಇದಕ್ಕಿಂತ ಹೇಳಲು ಕಷ್ಟವಾದದ್ದು ಹಬ್ಬದ ದಿನದ್ದು. ಆ ಬೆಳಗೆಲ್ಲ ಅಕ್ಕ ಬಾಗಿಲಲ್ಲಿ ಕೂತು ಉಳಿದ ಲಂಗವನ್ನು ಕೈಸೂಜಿಯಲ್ಲೇ ಹೊಲಿದಳು. ಬೆರಳಿಗೆ ಚುಚ್ಚಿದಾಗ ಬಾಯಿಗಿಟ್ಟುಕೊಳ್ಳುವಳು, ಮತ್ತೆ ಹೊಲಿಯುವಳು. ಮಧ್ಯಾಹ್ನ ನಾನು ಅದನ್ನುಟ್ಟು, ತಟ್ಟೆ ತುಂಬ ಎಳ್ಳುಬೆಲ್ಲ, ಕಬ್ಬಿನ ತುಂಡು, ಸಕ್ಕರೆ ಅಚ್ಚು ಇಟ್ಟುಕೊಂಡು ವಠಾರವೆಲ್ಲ ಮೆರೆದೆ. ಸುಳ್ಳು ಯಾಕೆ ಹೇಳಲಿ, ನನ್ನ ಬಾಲ್ಯದ ಅತಿ ಸಂತೋಷದ ದಿನ ಅದೇ. ತಿರುಗಿದರೆ ಲಂಗ ಕೊಡೆಯ ಹಾಗೆ ಅರಳುತ್ತಿತ್ತು. ಅಕ್ಕ ಬಾಗಿಲಿಗೊರಗಿ ನೋಡಿ ನಗುತ್ತಿದ್ದಳು. ಹಿಂದೆ ಸೀಮೆಸುಣ್ಣದ ಅಕ್ಷರಗಳು ಇನ್ನೂ ಇದ್ದವು. ಆಮೇಲೆ ಯಾವತ್ತೋ ಅವಳೇ ಅವನ್ನು ಒದ್ದೆಬಟ್ಟೆಯಲ್ಲಿ ಒರೆಸಿದಳು. ತಗಡಿನ ಬೋರ್ಡಿನ ಮಾತನ್ನು ಅಪ್ಪನೂ ಎತ್ತಲಿಲ್ಲ.

ರಾಜಾನುಕುಂಟೆಯ ಸೋದರತ್ತೆ ಬಂದಿದ್ದಾಗ ಅಮ್ಮ ಮಿಷನ್ನನ್ನು ಟೇಬಲ್ಲಿನೊಳಕ್ಕೆ ಮಡಚಿ ಕೊಟ್ಟುಬಿಟ್ಟರು. ‘ಹೊಲಿಯಕ್ಕೆ ಆಗಲ್ಲ, ಟೇಬಲ್ಲಾದ್ರೂ ಆಗುತ್ತೆ’ ಎಂದರು. ಅಕ್ಕ ಮತ್ತೆ ಯಾವ ಮಿಷನ್ನನ್ನೂ ಮುಟ್ಟಲಿಲ್ಲ. ಮದುವೆಯಾಗಿ ಯಲಹಂಕಕ್ಕೆ ಹೋದಳು, ಎರಡು ಮಕ್ಕಳನ್ನು ಬೆಳೆಸಿದಳು, ಚೆನ್ನಾಗಿಯೇ ಬದುಕಿದಳು. ಆದರೆ ಯಲಹಂಕದಲ್ಲಿ ಅವಳು ಜಗಳ ಆಡದ ಟೈಲರ್ ಇಲ್ಲ. ‘ತೋಳು ಎಳೀತಿದೆ ನೋಡ್ರೀ, ಕತ್ತರಿ ಹಾಕೋವಾಗ ಎಲ್ಲಿತ್ತು ಗ್ಯಾನ?’ ಎಂದು ಬೈದು, ಹೊಲಿಗೆ ಬಿಚ್ಚಿ ತೋರಿಸಿ, ಮತ್ತೆ ಹೊಲಿಸಿಕೊಂಡು ಬರುವಳು. ಮನೆಯವರೆಲ್ಲ ನಗುವರು. ನಾನೂ ನಗುತ್ತಿದ್ದೆ, ಒಳಗೊಳಗೇ ಕುಗ್ಗುತ್ತಿದ್ದೆ.

ಗಾರ್ಮೆಂಟ್ಸ್‌ನಲ್ಲಿ ನನಗೆ ಮಿಷನ್ ಬಿಚ್ಚುವುದನ್ನು ಕಲಿಸಿದವರು ಮೆಕ್ಯಾನಿಕ್ ನಂಜಪ್ಪನವರು. ಒಂದು ದಿನ ಯಾರದೋ ಮನೆಯ ಹಳೆಯ ಮಿಷನ್ ತಂದು, ಸೀಮೆಎಣ್ಣೆ ಬಿಟ್ಟು ಬಿಸಿಲಿಗಿಟ್ಟು, ‘ಕೊಬ್ರಿ ಎಣ್ಣೆ ಹಾಕವ್ರೆ ಕಣಮ್ಮ. ಚಳಿಗೆ ಮೇಣ ಆಗೋಗುತ್ತೆ. ಬಿಸಿಲು ತೋರಿಸಿದ್ರೆ ಅರ್ಧ ಗಂಟೆ ಕೆಲಸ’ ಎಂದರು. ಅರ್ಧ ಗಂಟೆ. ಅವತ್ತು ಊಟದ ಡಬ್ಬಿ ಬಿಚ್ಚಲಾಗಲಿಲ್ಲ. ಅವತ್ತಾದರೂ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಕಂಡವರ ಮಿಷನ್‌ಗಳನ್ನು ಮನೆಗೆ ತಂದು ಬದುಕಿಸತೊಡಗಿದೆ. ಹಬ್ಬಗಳಿಗೆ ಅತ್ತೆಯ ಮನೆಗೆ ಹೋದಾಗ ನಮ್ಮ ಟೇಬಲ್ ಮೇಲೆ ಟಿವಿ ಕೂತಿರುತ್ತಿತ್ತು. ಮಕ್ಕಳು ಅಡಿಯ ತುಳಿಯುವ ಹಲಗೆಯ ಮೇಲೆ ನಿಂತು ತೂಗುತ್ತಿದ್ದವು. ಹನ್ನೊಂದು ಮಿಷನ್‌ಗಳನ್ನು ಬಿಚ್ಚಿದವಳು ಅದೊಂದನ್ನು ಕೊಡಿ ಎಂದು ಕೇಳಲಿಲ್ಲ. ಬಿಚ್ಚಿದರೆ ಒಳಗೆ ನಾನೇ ಸಿಕ್ಕಿಬೀಳುತ್ತೇನೆಂಬ ಹೆದರಿಕೆ.

ಅತ್ತೆ ತೀರಿಹೋಗಿ ಎರಡು ವರ್ಷವಾದ ಮೇಲೆ ಅವರ ಮಗ ಫೋನ್ ಮಾಡಿದ. ‘ಮನೆ ಕೆಡವ್ತಾ ಇದೀವಿ ಅಕ್ಕ. ಟಿವಿ ಟೇಬಲ್ ಒಳಗೆ ನಿಮ್ಮಮ್ಮನ ಮಿಷನ್ ಐತಲ್ಲ, ಬಂದ್ ಎತ್ಕೊಂಡ್ ಓಗು. ಇಲ್ಲಾಂದ್ರೆ ಇಂಗೇ ಗುಜ್ರಿಗ್ ಆಕ್ಬುಡ್ತೀನಿ.’ ಹೋದೆ. ಹಾಗೆ ಬಂತು ಆ ವಾಸನೆ.

ಒಂಬತ್ತು ದಿನ ಹಿಡಿಯಿತು. ಅರ್ಧ ಗಂಟೆಯಲ್ಲಿ ಕರಗಬೇಕಾದದ್ದು ಅಷ್ಟು ವರ್ಷಗಳಲ್ಲಿ ಅಂಟುಬೆಲ್ಲದ ಪಾಕದಂತೆ ಗಟ್ಟಿಕಟ್ಟಿತ್ತು. ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ, ಅಮ್ಮನ ಹಳೆಯ ಸೀರೆಯ ಚೂರು. ಶಾಫ್ಟ್ ನೇರವಾಗಿಯೇ ಇತ್ತು. ಅಡಿಯ ತಟ್ಟೆ ತೆಗೆದಾಗ ಗುಲಾಬಿ ದಾರದ ಗಂಟು ಸಿಕ್ಕಿತು, ಆ ಬೆಳಿಗ್ಗೆ ಹೇಗಿತ್ತೋ ಹಾಗೇ. ಬಾಬಿನ್ನಿನಲ್ಲೂ ಗುಲಾಬಿ ದಾರ. ಹತ್ತನೆಯ ದಿನ ಚಕ್ರ ಓಡಿತು. ಅಕ್ಕನಿಗೆ ಫೋನ್ ಮಾಡಿ ಭಾನುವಾರ ಬಾ ಎಂದೆ.

ಬಂದವಳು ಮಿಷನ್ ನೋಡಿ ‘ಅಯ್ಯೋ, ಇದು ನಮ್ದಲ್ವೇನೇ!’ ಎಂದು ಬಂಗಾರದ ಬಳ್ಳಿಯನ್ನು ಸವರಿದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ, ತಲೆ ಎತ್ತದೆ, ಪಾಠ ಒಪ್ಪಿಸುವ ಹಾಗೆ. ಅಕ್ಕ ತನ್ನ ಪಾದಗಳ ಕಡೆ ನೋಡಿಕೊಂಡಳು.

‘ನನ್ನ ಕಾಲಿಂದಲೇ ಹಾಳಾಯ್ತು ಅಂದ್ಕೊಂಡಿದ್ದೆ ಕಣೇ’ ಎಂದಳು. ‘ಅಮ್ಮನ ತವರಿಂದು, ನಾನೇ ಮುರಿದೆ ಅಂತ. ಅಮ್ಮ ಸಾಯೋವರೆಗೂ ಅವರ ಮುಂದೆ ಆ ಮಾತು ಎತ್ಲಿಲ್ಲ ನಾನು.’

ಎದ್ದು ಹೊರಗೆ ಹೋಗಿ ಬೆನ್ನು ಹಾಕಿ ನಿಂತಳು. ಒಂದು ರೈಲು ಹೋಯಿತು. ನಾನು ಮತ್ತೆ ಸೀಬೆಮರದ ಹಿಂದೆ ನಿಂತ ಒಂಬತ್ತು ವರ್ಷದವಳಾಗಿದ್ದೆ. ಇನ್ನು ಅವಳು ಹೀಗೇ ಬಸ್‌ಸ್ಟಾಪಿಗೆ ನಡೆದುಬಿಡುತ್ತಾಳೆ ಎಂದುಕೊಂಡೆ. ಆದರೆ ತಿರುಗಿ ಬಂದಳು. ಕಣ್ಣು ಕೆಂಪಗಿತ್ತು.

‘ಎಷ್ಟು ಹಾಕ್ದೆ?’

‘ಬಾಟ್ಲಿಯಲ್ಲಿದ್ದಷ್ಟೂ.’

‘ಅಂದ್ರೆ ಆ ಬಾಟ್ಲಿ ಖಾಲಿ ಮಾಡಿದ್ದೂ ನೀನೇ! ಆವತ್ತು ಅಮ್ಮ ನನ್ನ ಜಡೆ ಹಿಡ್ಕೊಂಡು, ತಿಂಗಳ ಎಣ್ಣೇನ ಒಂದೇ ದಿನಕ್ಕೆ ಬಡ್ಕೊಂಡ್ಯೇನೇ ಅಂತ ಬೈದ್ರಲ್ಲೇ. ಎರಡು ಬೈಗುಳ ನಿಂದು, ತಿಂದಿದ್ದು ನಾನು!’

ಮೊದಲು ನಕ್ಕವಳು ಅವಳೇ. ಆಮೇಲೆ ನನ್ನ ಬೆನ್ನಿಗೊಂದು ಗುದ್ದು ಬಿತ್ತು, ಅಷ್ಟು ವರ್ಷದ್ದೂ ಸೇರಿಸಿ. ನೋವಾಯಿತು. ಅದೆಷ್ಟು ಹಗುರವಾಯಿತೆಂದು ಹೇಳಲಾರೆ.

ಚಪ್ಪಲಿ ಬಿಟ್ಟು ಕೂತಳು. ಬಾಬಿನ್ನಿನ ಗುಲಾಬಿ ದಾರವನ್ನು ಎಳೆದರೆ ಬೂದಿಯ ಹಾಗೆ ಕೈಗೇ ಬಂತು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬೇರೆ ದಾರ ಸುತ್ತಿದಳು. ಮೊದಲ ಸಲ ಚಕ್ರ ಹಿಂದಕ್ಕೆ ಓಡಿತು. ‘ಥೂ, ಕಾಲಿಗೇ ಮರೆತೋಗಿದೆ’ ಎಂದಳು. ಎರಡನೆಯ ಸಲ ಮುಂದಕ್ಕೆ. ನಾನು ಎಣ್ಣೆ ಒರೆಸಿದ್ದ ಅಮ್ಮನ ಸೀರೆಯ ಎರಡು ಚೂರುಗಳನ್ನು ಜೋಡಿಸಿ ಹೊಲಿದಳು. ಸೊಟ್ಟಗಿತ್ತು, ಆಮೇಲೆ ಸೊಟ್ಟಗಿರಲಿಲ್ಲ.

ಮಾರನೆಯ ವಾರ ಮಗನ ಜೊತೆ ಲಗೇಜ್ ಆಟೋ ತಂದು ಮಿಷನ್ ಹೇರಿಸಿಕೊಂಡಳು. ನಾನು ಎಣ್ಣೆ ಕ್ಯಾನ್ ಹಿಡಿದು ಹಿಂದೆ ಹೋದರೆ ಕಿತ್ತುಕೊಂಡಳು. ‘ಇದನ್ನ ನೀನು ಮುಟ್ಟಂಗಿಲ್ಲ.’

ಗಂಗಾನಗರದ ಆ ಜಾಗದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡವಿದೆ, ಕೆಳಗೊಂದು ಮೆಡಿಕಲ್ ಶಾಪು. ಬಸ್ಸಿನಲ್ಲಿ ಹೋಗುವಾಗ ಸೀಬೆಮರ ಎಲ್ಲಿತ್ತೆಂದು ಹುಡುಕಿದರೂ ಗೊತ್ತಾಗುವುದಿಲ್ಲ. ಅಪ್ಪ ಇಲ್ಲ, ಅಮ್ಮ ಇಲ್ಲ, ಆ ಬಾಗಿಲು ಯಾರ ಒಲೆಗೆ ಹೋಯಿತೋ. ಆದರೆ ಕೆಲವು ಸಂಜೆ ಅಕ್ಕನ ಫೋನ್ ಬರುತ್ತದೆ. ಎತ್ತಿ ಹಲೋ ಎಂದರೆ ಆ ಕಡೆ ಮಾತಿಲ್ಲ. ಫೋನನ್ನು ಮಿಷನ್ ಪಕ್ಕ ಇಟ್ಟಿರುತ್ತಾಳೆ. ಮಳೆ ಹೊಯ್ದಂತೆ ನೇರ ಹೊಲಿಗೆ, ತಿರುವಿನಲ್ಲಿ ನಿಂತು ನಿಂತು. ನಾನು ರೂಮಿನಲ್ಲಿ ಅದು ನಿಂತಿದ್ದ ಖಾಲಿ ಜಾಗದಲ್ಲಿ, ನೆಲದ ಮೇಲೇ ಕೂತು ಕೇಳುತ್ತೇನೆ, ಕೊನೆಯಲ್ಲಿ ಟಕ್ ಟಕ್ ಎಂದು ಎರಡು ಸಲ ಹಿಂದೆ ಮುಂದೆ ಆಗುವವರೆಗೆ.